ಒಪ್ಪಿದ ಬೆಲೆ

ಹಳೇ ಕಾರಿಗೂ ಕ್ಲಾಸಿಕ್ ಕಾರಿಗೂ ನಡುವೆ ಇರುವುದು
ನನ್ನದೊಂದು ರುಜು.
ಅದನ್ನು ಹಾಕಲೆಂದೇ ಸ್ವಾನ್ಸಿಯಿಂದ ಎರಡು ಗಂಟೆ
ಎದುರುಗಾಳಿಯಲ್ಲಿ ಬಂದೆ,
ಟಾರ್ಚು, ಅಯಸ್ಕಾಂತ, ಒಂಬತ್ತು ಪುಟದ ಫಾರಂ.

ಫಿಶ್‌ಗಾರ್ಡ್ ಬಂದರಿನ ಮೇಲಣ ಓಣಿ. ಬಾಗಿಲು ತೆರೆದಾಕೆ
ನೆಸ್ಟಾ ಬೆವನ್. ಎಪ್ಪತ್ತಾರು. ಏಪ್ರನ್ನಿನ ತುಂಬ ಗ್ರೀಸು.
"ಚಹಾ ಆಮೇಲೆ, ಮೊದಲು ಅವಳನ್ನು ನೋಡಿ."

ಕಂಬಳಿ ಸರಿಸಿದರೆ
ಎಪ್ಪತ್ತೊಂದರ ಸ್ಪಿಟ್‌ಫೈರ್,
ಕಾರ್ಖಾನೆಯವರು ಕೇಸರಿ ಎಂದು ಕರೆದ ಹಳದಿ.
ಅಡಿಯಲ್ಲಿ ಅಂಗಾತ ಮಲಗಿ ಅಯಸ್ಕಾಂತ ಹಿಡಿದೆ.
ಅಂಟಿತು. ಎಲ್ಲ ಕಡೆಯೂ ಅಂಟಿತು.
ತುಕ್ಕಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದವರ ಮನೆಗಳಲ್ಲಿ
ಅದು ಜಾರಿ ನನ್ನ ಹಣೆಗೇ ಬಿದ್ದದ್ದುಂಟು.

ಕೇಳುವುದು ಫಾರಂ, ನಾನು ಬರೀ ಓದುವವನು.
ರಾತ್ರಿ ಎಲ್ಲಿರುತ್ತದೆ?
ಇಲ್ಲೇ. ನನಗಿಂತ ಗಟ್ಟಿ ಬೀಗದ ಹಿಂದೆ.
ದಿನಬಳಕೆಗೆ ಬೇರೆ ಗಾಡಿ?
ಬಸ್ಸಿದೆ.
ಪಂದ್ಯಕ್ಕೆ, ಬಾಡಿಗೆಗೆ?
ಥೂ.
ಬೇರೆ ಯಾರಾದರೂ ಓಡಿಸುತ್ತಾರೆಯೇ?
ಓಡಿಸಲಾರರು.
ವರ್ಷಕ್ಕೆಷ್ಟು ಮೈಲಿ?
ಆಕೆ ಬೆರಳು ಮಡಿಸಿದಳು: ಗುರುವಾರದ ಹಾಡಿನ ತಾಲೀಮು,
ಬಿಸಿಲಿದ್ದರೆ ದೀಪಸ್ತಂಭ,
ಕಾರ್ಡಿಗನ್ನಿನಲ್ಲಿ ಮುನಿಸಿಕೊಂಡ ತಂಗಿ,
ವರ್ಷಕ್ಕೆರಡು ಸಲ, ಅದೂ ಗೇಟಿನವರೆಗೆ.
ಸಾವಿರದೈನೂರು ಸಾಕು, ಬರಕೊಳ್ಳಿ.

ಬದಲಾವಣೆಗಳೇನಾದರೂ? ಮೂಲದಲ್ಲಿ ಇಲ್ಲದ್ದು?
ಉತ್ತರ ಕೊಡದೆ ಕಾರಿನ ಬಾಗಿಲು ತೆಗೆದಳು.

ಗೇರಿನ ಮಗ್ಗುಲಲ್ಲೊಂದು ಹಿತ್ತಾಳೆಯ ಹಿಡಿಕೆ,
ಅಂಗೈ ಉಜ್ಜಿ ಉಜ್ಜಿ ಹೊಳಪೇರಿದ್ದು,
ಕೆಳಗೆ ತಂತಿ, ಪುಟ್ಟ ರಾಟೆ (ಮೀನುದೋಣಿಯದು, ಅನುಮಾನವಿಲ್ಲ).
ಕಾಲಡಿಯ ಕ್ಲಚ್ಚನ್ನು ಯಾರೋ ಕೈಗೆ ತಂದಿಟ್ಟಿದ್ದರು.

"ಎಂಬತ್ತಾರರ ಜನವರಿ. ಟಪಾಲು ಹಂಚುತ್ತಿದ್ದೆ.
ಹಿಮದಲ್ಲಿ ಕಲ್ಲುಗಣಿಯ ಲಾರಿ ಹಿಂದಕ್ಕೆ ಜಾರಿತು.
ಎಡಪಾದ ಹೋಯಿತು, ಕಾಗದಗಳೆಲ್ಲ ಉಳಿದವು.
ನಮ್ಮ ಎಮ್ಲಿನ್‌ಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ.
ಮೂರು ವಾರ ಈ ಗ್ಯಾರೇಜಿನಲ್ಲಿ ಸುತ್ತಿಗೆ ಸದ್ದು.
ನಾಲ್ಕನೇ ವಾರ ಬೀಗದಕೈ ತಂದು
ಊಟದ ತಟ್ಟೆಯ ಪಕ್ಕ ಇಟ್ಟ, ಉಪ್ಪಿನ ಡಬ್ಬಿ ಇಟ್ಟ ಹಾಗೆ.
ಮೊದಲು ಬದಲಾದದ್ದು ನಾನು, ಮಿಸ್ಟರ್ ಪ್ರೋಥರೋ.
ಕಾರು ಆಮೇಲೆ."

ನಿಯಮ ಹೇಳಬೇಕಿತ್ತು, ಹೇಳಿದೆ:
ಇದನ್ನು ಬಿಚ್ಚಿ ಮೂಲದ ಪೆಡಲು ಕೂರಿಸಿದರೆ
ಬೆಲೆ ಎರಡು ಸಾವಿರ ಪೌಂಡು ಏರುತ್ತದೆ.
"ಬಿಚ್ಚಿದರೆ ಅವಳು ಇಲ್ಲಿಂದ ಅಲುಗಳು.
ಅಲುಗದ ಕಾರಿಗೆ ವಿಮೆ ಯಾಕೆ, ದೂಳು ಹೊಡೆಯುವವನು ಸಾಕು."

ಒಪ್ಪಿದ ಬೆಲೆ ಎನ್ನುತ್ತೇವೆ ನಾವು,
ನಜ್ಜುಗುಜ್ಜಾದ ದಿನ ಚೌಕಾಸಿ ಬೇಡವೆಂದು
ನೆಟ್ಟಗಿರುವಾಗಲೇ ಮಾಡಿಕೊಳ್ಳುವ ಕರಾರು.
ಮದುವೆಯೂ ಹೀಗೇ ಅಲ್ಲವೇ ಎನ್ನಹೊರಟವನು
ತುಟಿ ಕಚ್ಚಿಕೊಂಡೆ.
ನನ್ನದು ಎರಡು ಸಲ ರದ್ದಾದ ಪಾಲಿಸಿ.

ಹನ್ನೊಂದು ಸಾವಿರ ಎಂದೆ.
ಒಂಬತ್ತು ಸಾಕು ಎಂದಳು, ಕಂತು ಕಟ್ಟುವವಳು ನಾನು.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಕೆಳಮುಖವಾಗಿ ಚೌಕಾಸಿ ಮಾಡಿದವರು ಇವರೊಬ್ಬರೇ.
ಹತ್ತಕ್ಕೆ ನಿಂತೆವು.
"ಹಿಡಿಕೆಗೆ ಎಷ್ಟು?"
ಅದಕ್ಕೆ ಕಾಲಂ ಇಲ್ಲ.
"ಫೋಟೊ ಆದರೂ ತೆಗೀರಿ."
ಆರು ಬೇಕಿತ್ತು. ಏಳು ತೆಗೆದೆ.

ಓಡಿದ ಮೈಲಿ: ಅರವತ್ತೆಂಟು ಸಾವಿರದ ನಾನೂರ ಹನ್ನೆರಡು.
ಬರೆದೆ. ರುಜು ಹಾಕಿದೆ. ಪೆನ್ನು ಮುಚ್ಚಿದೆ.
ಚಹಾ ಬರುತ್ತದೆಂದು ನಿಂತರೆ
"ಹತ್ತು ಮಾರಾಯ" ಎಂದಳು, ಏಪ್ರನ್ನು ಬಿಚ್ಚುತ್ತ.

ಮುಚ್ಚಿಗೆ ಮಡಚಿ, ಇಳಿಜಾರಿನಲ್ಲಿ, ಬಂದರಿನ ಕಟ್ಟೆಗೆ.
ಆಕೆಯ ಎಡಗೈ
ಹಿಡಿಕೆಯನ್ನು ಅಂಗೈಯಲ್ಲಿ ಎಳೆದು, ಗೇರನ್ನು ಬೆರಳಲ್ಲಿ ದೂಡಿ,
ಎರಡು ಕೆಲಸದ ನಡುವೆ ಒಂದು ಸದ್ದೂ ಇಲ್ಲ.
ಐರ್ಲೆಂಡಿನ ಹಡಗು ಆಗಷ್ಟೇ ಬಿಟ್ಟಿತ್ತು.
ಆಕೆ ಹಾರ್ನ್ ಒತ್ತಿದಳು, ಹಡಗಿಗೋ ಯಾರಿಗೋ.

ನನ್ನ ವರದಿಯಲ್ಲಿ ಎರಡು ಮೈಲಿ ಕಡಿಮೆ ಇದೆ.
ತಿದ್ದಿಲ್ಲ.